ರ‍್ಯಾಮ್ ಕೊಳ್ಳುವ ಮುಂಚೆ ಮದರ್‌ಬೋರ್ಡಿನ ಜೊತೆ ತಾಳೆ ನೋಡುವ ಬಗೆ

ಗಿಗಾಬೈಟ್ ಬಿ760ಎಂ ಡಿಎಸ್3ಎಚ್ ಡಿಡಿಆರ್4 ಎಂಬ ಮದರ್‌ಬೋರ್ಡ್ ಇದೆ. ಬಿ760ಎಂ ಡಿಎಸ್3ಎಚ್ ಎಂಬುದೂ ಇದೆ. ಎರಡಕ್ಕೂ ಒಂದೇ ಪ್ರೊಸೆಸರ್ ಕೂರುತ್ತದೆ, ಚಿಪ್‌ಸೆಟ್ಟೂ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್, ಇಲ್ಲಿ ಬಿ760) ಒಂದೇ. ಹೆಸರಿನ ಕೊನೆಯ ಒಂದು ಪದ ಮಾತ್ರ ಬೇರೆ. ಆದರೆ ಮೊದಲನೆಯದು ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ, ಎರಡನೆಯದು ಡಿಡಿಆರ್5 ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ನಿಂತು “ಬಿ760 ಬೋರ್ಡಿಗೆ 16 ಜಿಬಿ ರ‍್ಯಾಮ್ ಕೊಡಿ” ಎಂದರೆ ಅರ್ಧ ಪ್ರಶ್ನೆ ಕೇಳಿದಂತೆ. ಆನ್‌ಲೈನ್‌ನಲ್ಲಿ ಹುಡುಕಿದರೂ ಅಷ್ಟೇ.

ಬೇಕಾದದ್ದು ಮೂರು ಹೆಸರು: ಬೋರ್ಡಿನದು, ಪ್ರೊಸೆಸರಿನದು, ರ‍್ಯಾಮ್‌ನ ಪಾರ್ಟ್ ನಂಬರ್. ಮೂರೂ ಕೊನೆಯ ಅಕ್ಷರದವರೆಗೆ ಪೂರ್ತಿ ಇರಬೇಕು. ರ‍್ಯಾಮ್ ಹೊಂದದೆ ವಾಪಸ್ ಹೋಗುವ ಎಷ್ಟೋ ಪ್ರಕರಣಗಳಲ್ಲಿ ಈ ಮೂರರಲ್ಲಿ ಒಂದನ್ನು ಅರ್ಧ ಓದಿರುತ್ತಾರೆ.

ಬೋರ್ಡಿನ ಹೆಸರು ಹುಡುಕುವುದು

ಹೊಸ ಬೋರ್ಡ್ ಆದರೆ ಡಬ್ಬದ ಪಕ್ಕದಲ್ಲಿ, ಬಾರ್‌ಕೋಡ್ ಇರುವ ಚೀಟಿಯ ಮೇಲೆ ಪೂರ್ತಿ ಹೆಸರಿರುತ್ತದೆ. ಡಬ್ಬದ ಮುಂಭಾಗದ ದೊಡ್ಡಕ್ಷರಗಳನ್ನು ನಂಬಬೇಡಿ, ಅಲ್ಲಿ ಹೆಸರನ್ನು ಮೊಟಕು ಮಾಡಿರುವುದುಂಟು. ಈಗಾಗಲೇ ಓಡುತ್ತಿರುವ ಕಂಪ್ಯೂಟರ್ ಆದರೆ ವಿಂಡೋಸ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್ ತೆರೆದು ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲು ನೋಡಿ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೇನ್‌ಬೋರ್ಡ್ ಪುಟದಲ್ಲೂ ಅದೇ ಮಾಹಿತಿ ಸಿಗುತ್ತದೆ. ಕಂಪ್ಯೂಟರ್ ಆನ್ ಆಗುತ್ತಲೇ ಇಲ್ಲ ಎಂದಾದರೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟಾರ್ಚ್ ಬಿಡಿ. ಪ್ರೊಸೆಸರಿನ ಕೂಲರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನ ನಡುವೆ, ಇಲ್ಲವೇ ಆ ಸ್ಲಾಟುಗಳ ಸಂದಿಯಲ್ಲಿ ಮಾಡೆಲ್ ಹೆಸರು ಅಚ್ಚಾಗಿರುತ್ತದೆ. ಗಿಗಾಬೈಟ್ ಬೋರ್ಡುಗಳಲ್ಲಿ ಒಂದು ಮೂಲೆಗೆ ರಿವಿಷನ್ ಸಂಖ್ಯೆಯೂ ಇರುತ್ತದೆ: ರೆವ್ 1.0, ರೆವ್ 1.2 ಎಂಬಂತೆ. ಅದನ್ನೂ ಬರೆದುಕೊಳ್ಳಿ, ಏಕೆಂದರೆ ಕಂಪನಿಯ ಸೈಟಿನಲ್ಲಿ ಪ್ರತಿ ರಿವಿಷನ್‌ಗೂ ಬೇರೆ ಪುಟ.

ರ‍್ಯಾಮ್ ಬಗೆಯನ್ನು ಒಂದೊಂದು ಕಂಪನಿ ಹೆಸರಿನಲ್ಲಿ ಒಂದೊಂದು ರೀತಿ ಸೂಚಿಸುತ್ತದೆ. ಏಸಸ್ ಪ್ರೈಮ್ ಬಿ760ಎಂ-ಎ ವೈಫೈ ಡಿ4 ಎಂದರೆ ಡಿಡಿಆರ್4, ಬರೀ ಪ್ರೈಮ್ ಬಿ760ಎಂ-ಎ ವೈಫೈ ಎಂದರೆ ಡಿಡಿಆರ್5. ಎಂಎಸ್‌ಐ ತನ್ನ ಪ್ರೊ ಬಿ760ಎಂ-ಎ ವೈಫೈ ಹೆಸರಿನ ಕೊನೆಗೆ ಡಿಡಿಆರ್4 ಎಂದು ಪೂರ್ತಿ ಸೇರಿಸುತ್ತದೆ. ಎಎಸ್‌ರಾಕ್ ಗೆರೆ ಹಾಕಿ ಡಿ4 ಬರೆಯುತ್ತದೆ: ಬಿ760ಎಂ ಪ್ರೊ ಆರ್‌ಎಸ್/ಡಿ4. ಆದರೂ ಹೆಸರಿನಲ್ಲಿ ಡಿ4 ಕಾಣಲಿಲ್ಲ ಎಂದ ಮಾತ್ರಕ್ಕೆ ಅದು ಡಿಡಿಆರ್5 ಎಂದು ತೀರ್ಮಾನಿಸಬೇಡಿ. ಕಂಪನಿಯ ಸೈಟಿನ ಸ್ಪೆಸಿಫಿಕೇಶನ್ ಪುಟದಲ್ಲಿ ಮೆಮೊರಿ ಎಂಬ ಸಾಲು ಓದಿದ ಮೇಲಷ್ಟೇ ಮುಂದಿನ ಮಾತು.

ಯಾವ ಸಾಕೆಟ್ಟಿಗೆ ಯಾವ ಡಿಡಿಆರ್

ಈ ಗೊಂದಲವೆಲ್ಲ ಹೆಚ್ಚಾಗಿ ಒಂದೇ ಸಾಕೆಟ್ಟಿಗೆ ಸೇರಿದ್ದು. ಇಂಟೆಲ್‌ನ 12, 13, 14ನೇ ತಲೆಮಾರಿನ ಕೋರ್ ಪ್ರೊಸೆಸರುಗಳು ಕೂರುವ ಎಲ್‌ಜಿಎ1700 ಸಾಕೆಟ್ಟಿನಲ್ಲಿ ಪ್ರೊಸೆಸರಿಗೆ ಎರಡೂ ಬಗೆ ಗೊತ್ತು, ಯಾವುದು ಎಂದು ನಿರ್ಧರಿಸುವುದು ಬೋರ್ಡ್. ಎರಡೂ ಬಗೆಯ ಸ್ಲಾಟ್ ಇರುವ ಬೋರ್ಡುಗಳು ಅಪರೂಪಕ್ಕೆ ಉಂಟು, ಅವುಗಳಲ್ಲೂ ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ.

ಮಿಕ್ಕ ಕಡೆ ಸಲೀಸು. ಎಎಂಡಿಯ ಎಎಂ4 ಎಂದರೆ ಡಿಡಿಆರ್4 ಮಾತ್ರ. 2022ರಲ್ಲಿ ಬಂದ ಎಎಂ5 ಎಂದರೆ ಡಿಡಿಆರ್5 ಮಾತ್ರ. ಇಂಟೆಲ್ ಕೋರ್ ಅಲ್ಟ್ರಾ 200ಎಸ್ ಸರಣಿಯ ಎಲ್‌ಜಿಎ1851ಕ್ಕೂ ಡಿಡಿಆರ್5 ಮಾತ್ರ. 10 ಮತ್ತು 11ನೇ ತಲೆಮಾರಿನ ಎಲ್‌ಜಿಎ1200ಕ್ಕೆ ಡಿಡಿಆರ್4. 2ನೇ ತಲೆಮಾರಿನಿಂದ 4ನೇ ತಲೆಮಾರಿನವರೆಗಿನ ಹಳೆಯ ಐ3, ಐ5 ಡೆಸ್ಕ್‌ಟಾಪ್‌ಗಳಿಗೆ ಡಿಡಿಆರ್3. 6 ಮತ್ತು 7ನೇ ತಲೆಮಾರಿನಲ್ಲಿ ಡಿಡಿಆರ್4 ಬೋರ್ಡುಗಳೇ ಹೆಚ್ಚು, ಆದರೆ ಡಿಡಿಆರ್3ಎಲ್ (ಕಡಿಮೆ ವೋಲ್ಟಿನ ಡಿಡಿಆರ್3) ಬೋರ್ಡುಗಳೂ ಬಂದಿದ್ದವು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಲ್ಲಿ ಎಚ್ಚರವಾಗಿರಬೇಕು.

ಸ್ಟಿಕ್ಕನ್ನು, ಅಂದರೆ ರ‍್ಯಾಮ್ ಪಟ್ಟಿಯನ್ನು, ಕೈಯಲ್ಲಿ ಹಿಡಿದು ನೋಡಿದರೆ ಉದ್ದದಿಂದ ಏನೂ ತಿಳಿಯುವುದಿಲ್ಲ. ಡಿಡಿಆರ್3, 4, 5 ಮೂರೂ 133.35 ಮಿಲಿಮೀಟರ್. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4 ಮತ್ತು 5 ಎರಡಕ್ಕೂ 288 ಪಿನ್. ಆದ್ದರಿಂದ ಪಿನ್ ಎಣಿಸಿಯೂ ಪ್ರಯೋಜನವಿಲ್ಲ. ನೋಡಬೇಕಾದದ್ದು ಚಿನ್ನದ ಬಣ್ಣದ ಪಿನ್ನುಗಳ ಸಾಲಿನಲ್ಲಿರುವ ಕಚ್ಚನ್ನು. ಸ್ಲಾಟಿನೊಳಗೆ ಅದಕ್ಕೆ ಸರಿಯಾಗಿ ಒಂದು ಸಣ್ಣ ಗೋಡೆ ಇರುತ್ತದೆ. ಡಿಡಿಆರ್5ರಲ್ಲಿ ಕಚ್ಚು ನಡುಮಧ್ಯಕ್ಕೆ ಹತ್ತಿರ, ಡಿಡಿಆರ್4ರಲ್ಲಿ ಅದಕ್ಕಿಂತ ಕೊಂಚ ಪಕ್ಕಕ್ಕೆ. ವ್ಯತ್ಯಾಸ ಕೆಲವೇ ಮಿಲಿಮೀಟರ್ ಇರುವುದರಿಂದ ಕಣ್ಣಿಗೆ ಕೂರುವಂತೆಯೇ ಕಾಣುತ್ತದೆ, ಒತ್ತಿದರೆ ಇಳಿಯುವುದಿಲ್ಲ. ಆಗ ಇನ್ನೂ ಬಲ ಹಾಕಿದರೆ ಮುರಿಯುವುದು ಸ್ಲಾಟಿನ ಗೋಡೆ, ಅದರ ಜೊತೆಗೆ ಬೋರ್ಡಿನ ವಾರಂಟಿ. ಸುಮ್ಮನೆ ಇಟ್ಟ ಸ್ಟಿಕ್ಕಿನ ಕಚ್ಚು ಗೋಡೆಯ ಮೇಲೆ ನೇರವಾಗಿ ಕೂತಿಲ್ಲ ಎಂದರೆ ಮೊದಲು ಸ್ಟಿಕ್ಕನ್ನು ತಿರುಗಿಸಿ ನೋಡಿ. ಆಗಲೂ ಹೊಂದದಿದ್ದರೆ ಅದು ಬೇರೆ ತಲೆಮಾರಿನದು.

ಅಗ್ಗಕ್ಕೆ ಸಿಗುವ ಎರಡು ಬಗೆ, ಎರಡೂ ನಿಮಗಲ್ಲ

ಸರ್ವರ್‌ಗಳಿಂದ ಬಿಚ್ಚಿದ ಡಿಡಿಆರ್4 ರ‍್ಯಾಮ್ ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುತ್ತದೆ. ಅದು ರಿಜಿಸ್ಟರ್ಡ್ ರ‍್ಯಾಮ್, ಆರ್‌ಡಿಐಎಂಎಂ, ಅಂದರೆ ಸಂಕೇತಗಳನ್ನು ಹಿಡಿದು ದಾಟಿಸುವ ರಿಜಿಸ್ಟರ್ ಎಂಬ ಹೆಚ್ಚುವರಿ ಚಿಪ್ ಇರುವುದು. ಕಚ್ಚೂ ಅದೇ ಜಾಗದಲ್ಲಿ ಇರುವುದರಿಂದ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಸಲೀಸಾಗಿ ಕೂತುಕೊಳ್ಳುತ್ತದೆ, ಆದರೆ ಪರದೆ ಮಾತ್ರ ಬರುವುದಿಲ್ಲ. ನಮ್ಮ ಮನೆಯ ಪ್ರೊಸೆಸರುಗಳಲ್ಲಿರುವ ಮೆಮೊರಿ ಕಂಟ್ರೋಲರ್‌ಗೆ ಬೇಕಾದದ್ದು ರಿಜಿಸ್ಟರ್ ಇಲ್ಲದ ಯುಡಿಐಎಂಎಂ. ಗುರುತು ಹಿಡಿಯಲು ಚೀಟಿಯಲ್ಲಿ ವೇಗದ ಸಂಖ್ಯೆಯ ನಂತರದ ಅಡ್ಡಗೆರೆ ದಾಟಿ ಬರುವ ಮೊದಲ ಅಕ್ಷರ ನೋಡಿ. ಯು ಇದ್ದರೆ ಡೆಸ್ಕ್‌ಟಾಪ್, ಎಸ್ ಇದ್ದರೆ ಲ್ಯಾಪ್‌ಟಾಪ್, ಆರ್ ಇದ್ದರೆ ಸರ್ವರ್. ಚೀಟಿ ಕಿತ್ತುಹೋಗಿದ್ದರೆ ಸ್ಟಿಕ್ಕಿನ ನಡುಮಧ್ಯದಲ್ಲಿ ಬೇರೆ ಆಕಾರದ ಒಂಟಿ ಚಿಪ್ ಇದೆಯೇ ಎಂದು ನೋಡಿ, ಅದೇ ರಿಜಿಸ್ಟರ್. ಡಿಡಿಆರ್5ರಲ್ಲಿ ಸರ್ವರ್ ಸ್ಟಿಕ್ಕಿನ ಕಚ್ಚನ್ನೇ ಬೇರೆ ಕಡೆ ಇಟ್ಟಿದ್ದಾರೆ, ಹಾಗಾಗಿ ಈ ತಪ್ಪು ಅಲ್ಲಿ ಆಗುವುದಿಲ್ಲ.

ಇನ್ನೊಂದು, ಹಳೆಯ ಕಂಪ್ಯೂಟರಿಗೆ ರ‍್ಯಾಮ್ ಹುಡುಕುವವರಿಗೆ. “ಎಎಂಡಿ ಓನ್ಲಿ” ಎಂದು ಪಟ್ಟಿ ಮಾಡಿದ ಡಿಡಿಆರ್3 ಸ್ಟಿಕ್ಕುಗಳು ಬೇರೆಯವುಗಳಿಗಿಂತ ಕಡಿಮೆ ಬೆಲೆಗೆ ಕಾಣಿಸುತ್ತವೆ. ಅವುಗಳಲ್ಲಿ ×4 ಬಗೆಯ (ಒಮ್ಮೆಗೆ 4 ಬಿಟ್ ಕೊಡುವ) ಚಿಪ್ ಬಳಸಿರುತ್ತಾರೆ. ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರುಗಳು ×8 ಮತ್ತು ×16 ಚಿಪ್ಪುಗಳನ್ನಷ್ಟೇ ಓದಬಲ್ಲವು. ಇಂಟೆಲ್‌ನ ಹಳೆಯ ಎಚ್61 ಚಿಪ್‌ಸೆಟ್ಟಿನ ಬೋರ್ಡಿಗೆ ಅಂಥದ್ದು ಹಾಕಿದರೆ ಬೀಪ್ ಶಬ್ದ ಮಾತ್ರ ಬರುತ್ತದೆ. ಮಾರುವವರು ಈ ಮಾತನ್ನು ವಿವರಣೆಯ ಕೊನೆಯ ಸಾಲಿಗೆ ತಳ್ಳಿರುವುದೂ ಉಂಟು, ಪೂರ್ತಿ ಓದಿ.

ಎಷ್ಟು ಜಿಬಿ

ಎರಡು ಮಿತಿ ನೋಡಬೇಕು: ಒಟ್ಟು ಎಷ್ಟು, ಒಂದು ಸ್ಲಾಟಿಗೆ ಎಷ್ಟು. ಎಚ್61 ಬೋರ್ಡಿಗೆ ಎರಡು ಸ್ಲಾಟ್, ಒಟ್ಟು 16 ಜಿಬಿ, ಅಂದರೆ ಸ್ಲಾಟಿಗೆ 8. ಏಸಸ್ ಪ್ರೈಮ್ ಎಚ್610ಎಂ-ಇ ಡಿ4 ಬೋರ್ಡಿಗೂ ಎರಡೇ ಸ್ಲಾಟ್, ಆದರೆ ಒಟ್ಟು 64 ಜಿಬಿ, ಏಕೆಂದರೆ ಡಿಡಿಆರ್4ರಲ್ಲಿ ಒಂದು ಸ್ಟಿಕ್ 32ರವರೆಗೆ ಬರುತ್ತದೆ. ಡಿಡಿಆರ್5ರಲ್ಲಿ 24 ಮತ್ತು 48 ಜಿಬಿ ಎಂಬ ಹೊಸ ಅಳತೆಗಳಿವೆ. ಇವನ್ನು ಗುರುತಿಸುವ ಬಯೋಸ್ (ಬೋರ್ಡಿನೊಳಗೆ ಇರುವ, ಕಂಪ್ಯೂಟರನ್ನು ಶುರು ಮಾಡುವ ತಂತ್ರಾಂಶ) ಅನ್ನು ಬೋರ್ಡ್ ಕಂಪನಿಗಳು ಬಿಟ್ಟದ್ದು 2023ರಲ್ಲಿ. ಅದಕ್ಕಿಂತ ಮುಂಚೆ ತಯಾರಾಗಿ ಗೋದಾಮಿನಲ್ಲಿ ಕೂತ ಬೋರ್ಡಿಗೆ 24ರ ಸ್ಟಿಕ್ ಹಾಕಿದರೆ ಪರದೆ ಬಾರದಿರಬಹುದು. ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡಾದರೆ ಪೆನ್‌ಡ್ರೈವ್‌ನಿಂದಲೇ ಅಪ್‌ಡೇಟ್ ಮಾಡಬಹುದು. ಆ ಗುಂಡಿ ಇಲ್ಲದಿದ್ದರೆ 16 ಅಥವಾ 32ರ ಸ್ಟಿಕ್ ಕೊಳ್ಳುವುದು ವಾಸಿ.

ವೇಗ: ಡಬ್ಬದ ಮೇಲಿನ ಸಂಖ್ಯೆ ಯಾವಾಗ ನಿಜವಾಗುತ್ತದೆ

ಹೆಚ್ಚು ದುಡ್ಡು ಪೋಲಾಗುವುದು ಇಲ್ಲೇ. 3600 (ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಮಾಹಿತಿ ಸಾಗಿಸುತ್ತದೆ ಎಂಬ ಲೆಕ್ಕ) ಎಂದು ಬರೆದ ರ‍್ಯಾಮ್ ಹಾಕಿದ ಮಾತ್ರಕ್ಕೆ 3600ಕ್ಕೆ ಓಡುವುದಿಲ್ಲ. ಪ್ರೊಸೆಸರ್, ಚಿಪ್‌ಸೆಟ್, ರ‍್ಯಾಮ್ ಮೂರರಲ್ಲಿ ಯಾರ ಮಿತಿ ಕಡಿಮೆಯೋ ವೇಗ ಅಲ್ಲಿಗೆ ನಿಲ್ಲುತ್ತದೆ. ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ.

ಇದು ಹೇಗೆ ಎಂದು ತಿಳಿಯಲು ರ‍್ಯಾಮ್ ಒಳಗೆ ಬರೆದಿಟ್ಟ ಮಾಹಿತಿ ಅರ್ಥವಾಗಬೇಕು. ಪ್ರತಿ ಸ್ಟಿಕ್ಕಿನಲ್ಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತದೆ. ಅದರಲ್ಲಿ ಮೊದಲು ಜೆಡೆಕ್ ಎಂಬ ಮಾನಕ ಸಂಸ್ಥೆ ಗೊತ್ತುಮಾಡಿದ ಸಾಮಾನ್ಯ ವೇಗಗಳು. ಡಿಡಿಆರ್4ರಲ್ಲಿ 2133, 2400, 2666, 2933, 3200. ಡಿಡಿಆರ್5ರಲ್ಲಿ 4800, 5200, 5600 ಹೀಗೆ. ಗೇಮಿಂಗ್ ಸ್ಟಿಕ್ಕುಗಳಲ್ಲಿ ಇದರ ಜೊತೆಗೆ ಇನ್ನೊಂದು ಪಟ್ಟಿ ಇರುತ್ತದೆ: ಇಂಟೆಲ್ ಬಗೆಯಾದರೆ ಎಕ್ಸ್‌ಎಂಪಿ, ಎಎಂ5 ಜೊತೆ ಎಎಂಡಿ ತಂದದ್ದು ಎಕ್ಸ್‌ಪೋ. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಹೆಚ್ಚಾಗಿ ಈ ಎರಡನೆಯ ಪಟ್ಟಿಯದು. ಬಯೋಸ್‌ಗೆ ಹೋಗಿ ಅದನ್ನು ಆನ್ ಮಾಡುವವರೆಗೆ ಸ್ಟಿಕ್ ಜೆಡೆಕ್ ವೇಗದಲ್ಲೇ ಓಡುತ್ತದೆ. ಡಿಡಿಆರ್4 ಗೇಮಿಂಗ್ ಕಿಟ್ಟುಗಳಲ್ಲಿ ಅದು ಅನೇಕ ಸಲ 2133 ಅಥವಾ 2400 ಇರುತ್ತದೆ.

ಈಗ ಚಿಪ್‌ಸೆಟ್. ಇಂಟೆಲ್‌ನ ಎಚ್310, ಬಿ360, ಎಚ್410, ಬಿ460, ಎಚ್510, ಎಚ್610 ಇವ್ಯಾವುದರಲ್ಲೂ ಮೆಮೊರಿಯನ್ನು ಪ್ರೊಸೆಸರಿನ ಅಧಿಕೃತ ವೇಗಕ್ಕಿಂತ ಮೇಲೆ ಓಡಿಸಲು ಬಿಡುವುದಿಲ್ಲ. ಬಿ560ದಿಂದ ಮುಂದಿನ ಬಿ ಸರಣಿಯಲ್ಲಿ ಬಿಡುತ್ತಾರೆ, ಝಡ್ ಸರಣಿಯಲ್ಲಿ ಮೊದಲಿನಿಂದಲೂ ಇದೆ. ಎಎಂಡಿಯಲ್ಲಿ ಎ520ರಂಥ ಅಗ್ಗದ ಬೋರ್ಡಿನಲ್ಲೂ ಮೆಮೊರಿ ವೇಗ ಏರಿಸಬಹುದು. ಕಡಿಮೆ ಬಜೆಟ್ಟಿನವರಿಗೆ ಇದು ಎಎಂಡಿ ಕಡೆಯ ನಿಜವಾದ ಅನುಕೂಲ.

ಒಂದು ಉದಾಹರಣೆ. ಎಚ್510 ಬೋರ್ಡ್, ಐ5-10400 ಪ್ರೊಸೆಸರ್. ಈ ಪ್ರೊಸೆಸರಿನ ಅಧಿಕೃತ ಮಿತಿ 2666. ಇದಕ್ಕೆ 3200ರ ಸ್ಟಿಕ್ ಹಾಕಿದರೆ 2666ಕ್ಕೆ ಓಡುತ್ತದೆ, ಕೆಡುಕೇನೂ ಇಲ್ಲ. ಅದೇ ಬೋರ್ಡಿನಲ್ಲಿ ಐ5-11400 ಇದ್ದರೆ 3200 ಪೂರ್ತಿ ಸಿಗುತ್ತದೆ. ಎಚ್610 ಜೊತೆ ಐ5-12400 ಹಾಕಿ ಡಿಡಿಆರ್4 ಬಳಸುವವರು 3600ರ ಬಣ್ಣದ ದೀಪದ ಕಿಟ್ ಕೊಂಡರೆ, ಆ ಕಿಟ್ಟಿನ ಒಳಗಿನ ಜೆಡೆಕ್ ವೇಗ 2400 ಆಗಿದ್ದಲ್ಲಿ ಕೊಟ್ಟ ದುಡ್ಡಿಗೆ 2400ರಲ್ಲೇ ನಿಲ್ಲುವ ಸಾಧ್ಯತೆ ಇದೆ. ಅಂಥ ಬೋರ್ಡಿಗೆ ಸರಿಯಾದ ಆಯ್ಕೆ ಎಂದರೆ ಜೆಡೆಕ್ ವೇಗವೇ 3200 ಇರುವ, 1.2 ವೋಲ್ಟಿನ, ಸಿಎಲ್22 (ಸಿಎಲ್ ಎಂದರೆ ಮಾಹಿತಿ ಕೊಡಲು ತಗಲುವ ತಡ, ಗಡಿಯಾರದ ಮಿಡಿತಗಳ ಲೆಕ್ಕದಲ್ಲಿ) ಎಂದು ನಮೂದಿಸಿದ ಸಾದಾ ಸ್ಟಿಕ್. ನೋಡಲು ಹಸಿರು ಅಥವಾ ಕಪ್ಪು ಪಟ್ಟಿಯಂತಿರುತ್ತದೆ, ಹೀಟ್‌ಸಿಂಕ್ ಇರುವುದಿಲ್ಲ. ಹಾಕಿದ ಕೂಡಲೇ, ಬಯೋಸ್ ಮುಟ್ಟದೆಯೇ 3200ಕ್ಕೆ ಓಡುತ್ತದೆ.

ಬಿ560 ಅಥವಾ ಅದರ ಮುಂದಿನ ಬಿ ಬೋರ್ಡಿನವರು, ಝಡ್ ಬೋರ್ಡಿನವರು, ಎಎಂಡಿಯ ರೈಜನ್ ಪ್ರೊಸೆಸರ್ ಬಳಸುವವರು ಮಾತ್ರ ಸಿಎಲ್ ಸಂಖ್ಯೆಗೂ ಗಮನ ಕೊಡಿ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ತಡವಾಗುವ ಕಾಲ ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. 3200 ಸಿಎಲ್16 ಎಂದರೆ 10, 3200 ಸಿಎಲ್22 ಎಂದರೆ 13.75. ಡಿಡಿಆರ್5ರಲ್ಲಿ 6000 ಸಿಎಲ್30 ಎಂದರೆ 10, ಅದೇ 6000ಕ್ಕೆ ಸಿಎಲ್36 ಆದರೆ 12. ಎಎಂ5 ಕಟ್ಟುವವರಿಗೆ 6000 ಸಿಎಲ್30 ಎಕ್ಸ್‌ಪೋ ಕಿಟ್ ಒಳ್ಳೆಯ ಮಟ್ಟ. ಅದಕ್ಕಿಂತ ಮೇಲಿನ ವೇಗಕ್ಕೆ ದುಡ್ಡು ಹೆಚ್ಚು, ಗೋಜಲೂ ಹೆಚ್ಚು.

ಇನ್ನೊಂದು ಮಾತು, ಇದರಿಂದ ಹಲವರು ಗಾಬರಿಯಾಗುತ್ತಾರೆ. ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ 3200ರ ರ‍್ಯಾಮ್‌ಗೆ ಸುಮಾರು 1600 ಮೆಗಾಹರ್ಟ್ಸ್ ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದ್ದಲ್ಲ. ಡಿಡಿಆರ್ ಒಂದು ಗಡಿಯಾರದ ಮಿಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುತ್ತದೆ, ಆದ್ದರಿಂದ ಅಲ್ಲಿ ಕಂಡದ್ದನ್ನು ಎರಡರಿಂದ ಗುಣಿಸಬೇಕು.

ಬೋರ್ಡ್ ಕಂಪನಿಯ ಮೆಮೊರಿ ಪಟ್ಟಿ

ಬೋರ್ಡಿನ ಸಪೋರ್ಟ್ ಪುಟಕ್ಕೆ ಹೋದರೆ ಮೆಮೊರಿ ಸಪೋರ್ಟ್ ಲಿಸ್ಟ್ ಅಥವಾ ಕ್ಯುವಿಎಲ್ ಎಂಬ ಪಟ್ಟಿ ಇರುತ್ತದೆ. ಆ ಬೋರ್ಡಿನಲ್ಲಿ ಹಾಕಿ ಓಡಿಸಿ ನೋಡಿದ ಸ್ಟಿಕ್ಕುಗಳ ಪಾರ್ಟ್ ನಂಬರುಗಳು ಅದರಲ್ಲಿವೆ. ಎಎಂಡಿ ಬೋರ್ಡುಗಳಲ್ಲಿ ಈ ಪಟ್ಟಿ ಪ್ರೊಸೆಸರಿನ ಒಳಹೆಸರಿನಂತೆ ವಿಂಗಡವಾಗಿರುತ್ತದೆ, ಅದು ಗೊತ್ತಿಲ್ಲದೆ ಬೇರೆ ಪಟ್ಟಿ ನೋಡಿ ಕೊಳ್ಳುವವರಿದ್ದಾರೆ. ರೈಜನ್ 5 3600ಕ್ಕೆ ಮಟೀಸ್, 5600ಕ್ಕೆ ವರ್ಮೀರ್, 5600ಜಿಗೆ ಸೆಜಾನ್, 3200ಜಿ ಮತ್ತು 3400ಜಿಗೆ ಪಿಕಾಸೊ. ಎಎಂ5ರಲ್ಲಿ 7000 ಸರಣಿಗೆ ರಫೇಲ್, 9000ಕ್ಕೆ ಗ್ರ್ಯಾನೈಟ್ ರಿಜ್.

ಪಟ್ಟಿಯಲ್ಲಿ ಪಾರ್ಟ್ ನಂಬರ್ ಪಕ್ಕದ ಅಂಕಣಗಳನ್ನೂ ಓದಿ. ಎಷ್ಟು ಸ್ಟಿಕ್ ಹಾಕಿ ಪರೀಕ್ಷಿಸಿದ್ದಾರೆ ಎಂಬುದು 1, 2, 4 ಎಂಬ ಅಂಕಣಗಳಲ್ಲಿ ಇರುತ್ತದೆ. ಎರಡಕ್ಕೆ ಗುರುತು ಇದ್ದು ನಾಲ್ಕಕ್ಕೆ ಇಲ್ಲದಿದ್ದರೆ, ನಾಲ್ಕು ಹಾಕುವ ಆಲೋಚನೆ ಇರುವವರು ಬೇರೆ ಸ್ಟಿಕ್ ನೋಡಬೇಕು.

ಪಟ್ಟಿಯಲ್ಲಿ ಇಲ್ಲ ಎಂದರೆ ಓಡುವುದಿಲ್ಲ ಎಂದಲ್ಲ. ಬೋರ್ಡ್ ಬಿಡುಗಡೆಯಾದ ಹೊಸತರಲ್ಲಿ ಪಟ್ಟಿ ಮಾಡಿ ಆಮೇಲೆ ಸೇರಿಸದೆ ಬಿಟ್ಟಿರುವುದು ಸಾಮಾನ್ಯ, ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಪಾರ್ಟ್ ನಂಬರ್ ಅಲ್ಲಿ ಇರುವುದೇ ಇಲ್ಲ. ಜೆಡೆಕ್ ವೇಗದ ಸಾದಾ ಸ್ಟಿಕ್ ಆದರೆ ಪಟ್ಟಿಯಲ್ಲಿ ಇಲ್ಲದಿದ್ದರೂ ಧೈರ್ಯವಾಗಿ ಕೊಳ್ಳಬಹುದು. ವೇಗ ಏರಿದಷ್ಟೂ ಪಟ್ಟಿಯ ಮಾತಿಗೆ ತೂಕ ಹೆಚ್ಚು. ಡಿಡಿಆರ್5 6400ರಿಂದ ಮೇಲೆ, ಅಥವಾ 64 ಜಿಬಿ ದಾಟಿದರೆ, ಪಟ್ಟಿಯಲ್ಲಿ ಇರುವುದನ್ನೇ ಕೊಳ್ಳಿ. ರ‍್ಯಾಮ್ ಕಂಪನಿಗಳ ಕಡೆಯಿಂದಲೂ ಹುಡುಕಬಹುದು. ಕಿಂಗ್‌ಸ್ಟನ್, ಕೋರ್ಸೇರ್ ಮೊದಲಾದವರ ಸೈಟಿನಲ್ಲಿ ಬೋರ್ಡಿನ ಹೆಸರು ಕೊಟ್ಟರೆ ಹೊಂದುವ ಸ್ಟಿಕ್ಕುಗಳನ್ನು ತೋರಿಸುತ್ತಾರೆ. ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ಕಾಣದ್ದು ಅಲ್ಲಿ ಸಿಕ್ಕರೆ ಅದೂ ಸಾಕು.

ಚೀಟಿ ಓದುವುದು

ಅಂಗಡಿಯಲ್ಲಿ ಸ್ಟಿಕ್ ಕೈಗೆ ಬಂದಾಗ ಚೀಟಿಯಲ್ಲಿ ಹೀಗೆ ಒಂದು ಸಾಲು ಕಾಣಬಹುದು: 8 ಜಿಬಿ 1ಆರ್×8 ಪಿಸಿ4-3200ಎಎ-ಯುಎ2-11. ಇದರಲ್ಲಿ 1ಆರ್ ಎಂದರೆ ಒಟ್ಟಿಗೆ 64 ಬಿಟ್ ಕೊಡುವ ಚಿಪ್ಪುಗಳ ಒಂದು ಗುಂಪು, ಅಂದರೆ ಒಂದು ರ‍್ಯಾಂಕ್. ×8 ಎಂದರೆ ಪ್ರತಿ ಚಿಪ್ ಒಮ್ಮೆಗೆ 8 ಬಿಟ್ ಕೊಡುತ್ತದೆ, ಹಾಗಾಗಿ 64 ಬಿಟ್‌ಗೆ 8 ಚಿಪ್. ಪಿಸಿ4 ಎಂದರೆ ಡಿಡಿಆರ್4, 3200ಎಎ ಎಂದರೆ 22-22-22 ಟೈಮಿಂಗ್‌ನ ಜೆಡೆಕ್ 3200, ಯು ಎಂದರೆ ಡೆಸ್ಕ್‌ಟಾಪಿನ ಸ್ಟಿಕ್. ಕೆಲವರು ಪಿಸಿ4-25600 ಎಂದು ಬರೆಯುತ್ತಾರೆ. ಅದು 3200ನ್ನು 8ರಿಂದ ಗುಣಿಸಿದ್ದು, ಸೆಕೆಂಡಿಗೆ ಮೆಗಾಬೈಟ್ ಲೆಕ್ಕ. 25600 ವೇಗ ಎಂದು ತಿಳಿದು ಬೆರಗಾಗಬೇಕಿಲ್ಲ.

ಅದೇ 8 ಜಿಬಿ 1ಆರ್×16 ಎಂದಿದ್ದರೆ ಅದರಲ್ಲಿ ನಾಲ್ಕೇ ಚಿಪ್. ಕೆಲಸ ಮಾಡುತ್ತದೆ, ಆದರೆ ಒಳಗೆ ಬ್ಯಾಂಕ್ ಗುಂಪುಗಳು (ಚಿಪ್ಪಿನಲ್ಲಿ ಏಕಕಾಲಕ್ಕೆ ಕೆಲಸ ಮಾಡಬಲ್ಲ ಭಾಗಗಳು) ಅರ್ಧವಾಗುವುದರಿಂದ ×8ಕ್ಕಿಂತ ನಿಧಾನ. ಡಿಡಿಆರ್4ರಲ್ಲಿ ಒಂದೇ ಬೆಲೆಗೆ ಎರಡೂ ಇದ್ದರೆ ಎಂಟು ಚಿಪ್ ಇರುವುದನ್ನು ಆರಿಸಿ. ಡಿಡಿಆರ್5ರ 8 ಜಿಬಿ ಸ್ಟಿಕ್ಕುಗಳು ಸಾಮಾನ್ಯವಾಗಿ ನಾಲ್ಕು ಚಿಪ್ಪಿನವೇ. ಆದ್ದರಿಂದ ಡಿಡಿಆರ್5ಕ್ಕೆ 16ರ ಸ್ಟಿಕ್‌ನಿಂದ ಶುರು ಮಾಡುವುದು ಒಳ್ಳೆಯದು.

ಪಾರ್ಟ್ ನಂಬರೂ ಹೀಗೆಯೇ ಮಾತಾಡುತ್ತದೆ. ಕಿಂಗ್‌ಸ್ಟನ್‌ನ ಕೆವಿಆರ್32ಎನ್22ಎಸ್8/8 ತೆಗೆದುಕೊಳ್ಳಿ. 32 ಎಂದರೆ 3200, ಎನ್ ಎಂದರೆ ಡೆಸ್ಕ್‌ಟಾಪ್, 22 ಸಿಎಲ್, ಎಸ್ ಎಂದರೆ ಒಂದು ರ‍್ಯಾಂಕ್, 8 ಎಂದರೆ ×8, ಗೆರೆಯ ಆಚೆ 8 ಜಿಬಿ. ಅದೇ ಸರಣಿಯ ಕೆವಿಆರ್32ಎಸ್22ಎಸ್8/8ರಲ್ಲಿ ಎನ್ ಜಾಗಕ್ಕೆ ಎಸ್ ಬಂದಿದೆ, ಅದು ಲ್ಯಾಪ್‌ಟಾಪಿನದು. ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವಾಗ ಈ ಒಂದಕ್ಷರ ತಪ್ಪಿದರೆ ಮನೆಗೆ ಬರುವುದು ಅರ್ಧ ಉದ್ದದ ಸ್ಟಿಕ್. ಕೋರ್ಸೇರ್‌ನ ಸಿಎಂಕೆ16ಜಿಎಕ್ಸ್4ಎಂ2ಬಿ3200ಸಿ16ರಲ್ಲಿ 16ಜಿ ಎಂಬುದು ಒಟ್ಟು ಗಾತ್ರ, ಎಕ್ಸ್4 ಡಿಡಿಆರ್4, ಎಂ2 ಎಂದರೆ ಎರಡು ಸ್ಟಿಕ್. ಅಂದರೆ ತಲಾ 8. ಎಂ1 ಎಂದಿದ್ದರೆ 16ರ ಒಂದೇ ಸ್ಟಿಕ್.

ಎರಡೋ ನಾಲ್ಕೋ

ಕೊನೆಗೆ ಎಷ್ಟು ಜಿಬಿ ಬೇಕೋ ಅಷ್ಟನ್ನೂ ಒಂದೇ ಡಬ್ಬದಲ್ಲಿ, ಎರಡು ಸ್ಟಿಕ್ಕಿನ ಕಿಟ್ ಆಗಿ ಕೊಳ್ಳಿ. ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಎಕ್ಸ್‌ಎಂಪಿ ವೇಗಕ್ಕೆ ಕಂಪನಿ ಭರವಸೆ ಕೊಡುವುದು ಒಂದೇ ಡಬ್ಬದಲ್ಲಿ ಬಂದ ಸ್ಟಿಕ್ಕುಗಳಿಗೆ ಮಾತ್ರ. ಇಂದು ಒಂದು, ಆರು ತಿಂಗಳ ಮೇಲೆ ಅದೇ ಪಾರ್ಟ್ ನಂಬರಿನ ಇನ್ನೊಂದು ಎಂದು ಕೊಂಡರೆ ಒಳಗಿನ ಚಿಪ್ ಬೇರೆ ಕಂಪನಿಯದಾಗಿರಬಹುದು. ಕೋರ್ಸೇರ್ ಚೀಟಿಗಳಲ್ಲಿ ವರ್ಷನ್ ಎಂಬ ಸಂಖ್ಯೆ ಇರುತ್ತದೆ. 3ರಿಂದ ಶುರುವಾದರೆ ಮೈಕ್ರಾನ್ ಚಿಪ್, 4 ಸ್ಯಾಮ್‌ಸಂಗ್, 5 ಹೈನಿಕ್ಸ್. ಪಾರ್ಟ್ ನಂಬರ್ ಒಂದೇ ಆಗಿ ವರ್ಷನ್ ಬೇರೆಯಾದರೆ ಎರಡೂ ಜೊತೆಯಾಗಿ 3200ಕ್ಕೆ ಏರದೆ ಬಯೋಸ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುವುದುಂಟು. ಈಗಾಗಲೇ ಒಂದು ಸ್ಟಿಕ್ ಇದ್ದು ಇನ್ನೊಂದು ಸೇರಿಸಲೇಬೇಕಾದರೆ ಗಾತ್ರ, ರ‍್ಯಾಂಕ್, ಚಿಪ್ ಬಗೆ ಹೊಂದಿಸಿ ಕೊಂಡು, ಎರಡನ್ನೂ ಜೆಡೆಕ್ ವೇಗದಲ್ಲೇ ಓಡಿಸುವ ಮನಸ್ಸು ಮಾಡಿ.

ನಾಲ್ಕು ಸ್ಟಿಕ್ ತುಂಬಿದರೆ ವೇಗ ಕುಗ್ಗುತ್ತದೆ, ಇದು ಕಂಪನಿಗಳೇ ಬರೆದಿರುವ ಮಾತು. ರೈಜನ್ 7000 ಸರಣಿಗೆ ಎರಡು ಸ್ಟಿಕ್ಕಿನಲ್ಲಿ ಅಧಿಕೃತ ಮಿತಿ 5200, ನಾಲ್ಕಾದರೆ 3600. ರೈಜನ್ 5000ಕ್ಕೆ ಎರಡಾದರೆ 3200, ಒಂದು ರ‍್ಯಾಂಕಿನ ನಾಲ್ಕಾದರೆ 2933, ಎರಡು ರ‍್ಯಾಂಕಿನ ನಾಲ್ಕಾದರೆ 2667. ಡಿಡಿಆರ್5 ಬೋರ್ಡಿನಲ್ಲಿ “ಈಗ 16ರ ಎರಡು ಹಾಕಿ, ಮುಂದೆ ಇನ್ನೆರಡು ಸೇರಿಸೋಣ” ಎಂಬ ಯೋಜನೆ ಬೇಡ. 64 ಬೇಕು ಎನಿಸಿದರೆ ಈಗಲೇ 32ರ ಎರಡು.

ಹಾಗೆಂದು ಒಂದೇ ಸ್ಟಿಕ್ಕಿಗೂ ಇಳಿಯಬೇಡಿ. 5600ಜಿಯಂಥ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಓಡುವ ಪ್ರೊಸೆಸರಿಗೆ ರ‍್ಯಾಮೇ ಗ್ರಾಫಿಕ್ಸ್ ಮೆಮೊರಿ. 16ರ ಒಂದು ಸ್ಟಿಕ್ಕಿಗಿಂತ 8ರ ಎರಡು ಹಾಕಿದರೆ ಮಾಹಿತಿಗೆ ಎರಡು ದಾರಿ (ಚಾನೆಲ್) ಸಿಕ್ಕಿ ಗೇಮ್‌ಗಳಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ.

ಕೂಲರ್ ದೊಡ್ಡದಿದ್ದರೆ ಎತ್ತರವನ್ನೂ ಅಳೆಯಿರಿ. ಹೀಟ್‌ಸಿಂಕ್ ಇಲ್ಲದ ಸ್ಟಿಕ್ 31.25 ಮಿಲಿಮೀಟರ್. ನಾಕ್ಟುವಾ ಎನ್‌ಎಚ್-ಡಿ15 ಕೂಲರಿನ ಎರಡೂ ಫ್ಯಾನ್ ಹಾಕಿದಾಗ ಕೆಳಗೆ ಉಳಿಯುವುದು 32 ಮಿಲಿಮೀಟರ್. ದೀಪ ಇರುವ, 44 ಮಿಲಿಮೀಟರಿನ ಸ್ಟಿಕ್ ಅಲ್ಲಿ ಹೋಗುವುದಿಲ್ಲ. ಫ್ಯಾನ್ ಮೇಲಕ್ಕೆ ಸರಿಸಿದರೆ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚದಿರಬಹುದು.

ಕೂರಿಸಿದ ಮೇಲೆ

ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕಬೇಕಾದದ್ದು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ, ಬೋರ್ಡಿನ ಮೇಲೆ ಎ2 ಮತ್ತು ಬಿ2 ಎಂದಿರುತ್ತದೆ. ಪವರ್ ಕೇಬಲ್ ತೆಗೆದು, ಕ್ಲಿಪ್ ಬಿಡಿಸಿ, ಸ್ಟಿಕ್ಕಿನ ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒಂದಾದ ಮೇಲೊಂದು ಒತ್ತಿ. ಟಕ್ ಎಂದು ಎರಡು ಸಲ ಕೇಳಬೇಕು. ಒಂದೇ ಕಡೆ ಕ್ಲಿಪ್ ಇರುವ ಬೋರ್ಡಿನಲ್ಲಿ ಕ್ಲಿಪ್ ಇಲ್ಲದ ತುದಿ ಅರ್ಧ ಮಾತ್ರ ಇಳಿದಿರುತ್ತದೆ. ಪರದೆ ಬಾರದಿರಲು ಬಹಳ ಸಲ ಅದೇ ಕಾರಣ.

ಡಿಡಿಆರ್5 ಬೋರ್ಡುಗಳಲ್ಲಿ, ಅದರಲ್ಲೂ ಎಎಂ5ರಲ್ಲಿ, ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೇನಿಂಗ್, ಅಂದರೆ ಬೋರ್ಡ್ ಹೊಸ ರ‍್ಯಾಮ್‌ಗೆ ತಕ್ಕಂತೆ ಹೊಂದಿಸಿಕೊಳ್ಳುವ ಕೆಲಸ, ನಡೆಯುತ್ತದೆ. ಪರದೆ ಕಪ್ಪಾಗಿಯೇ ಹಲವು ನಿಮಿಷ ಇರಬಹುದು, ಬೋರ್ಡಿನ ಡಿರ‍್ಯಾಮ್ ದೀಪ ಉರಿಯುತ್ತಲೇ ಇರಬಹುದು. ನಡುವೆ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ ಶುರು. 15 ನಿಮಿಷ ಕಾಯಿರಿ. ಆಮೇಲೂ ಬಾರದಿದ್ದರೆ ಒಂದೇ ಸ್ಟಿಕ್ಕನ್ನು ಎ2ನಲ್ಲಿ ಹಾಕಿ ನೋಡಿ, ನಂತರ ಇನ್ನೊಂದನ್ನು. ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ಹೀಗಾದರೆ ಪವರ್ ಕೇಬಲ್ ತೆಗೆದು, ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ಲನ್ನು ಐದು ನಿಮಿಷ ಹೊರಗಿಟ್ಟು ಬಯೋಸ್ ಅನ್ನು ಮೊದಲಿನ ಸ್ಥಿತಿಗೆ ತನ್ನಿ.

ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ನೋಡಿ. ಗಾತ್ರ, ವೇಗ, ಬಳಸಿದ ಸ್ಲಾಟ್ ಎಲ್ಲ ಅಲ್ಲೇ ಇದೆ. 16 ಜಿಬಿ ಹಾಕಿದ್ದು ಬಳಕೆಗೆ 7.9 ಎಂದು ತೋರಿಸಿದರೆ ಒಂದು ಸ್ಟಿಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ಸಾಕೆಟ್ಟಿನ ಪಿನ್ ಬಾಗಿದೆ, ಇಲ್ಲವೇ ಕೂಲರಿನ ಸ್ಕ್ರೂ ಒಂದು ಕಡೆಗೆ ಬಿಗಿಯಾಗಿದೆ. 13.9 ಅಥವಾ 15.4 ಎಂದಿದ್ದರೆ ಚಿಂತೆ ಬೇಡ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಅಷ್ಟನ್ನು ತೆಗೆದಿಟ್ಟುಕೊಂಡಿರುತ್ತದೆ. ಎರಡು ಚಾನೆಲ್ ಓಡುತ್ತಿದೆಯೇ ಎಂಬುದಕ್ಕೆ ಸಿಪಿಯು-ಝಡ್ ನೋಡಬೇಕು. ಡಿಡಿಆರ್4ಕ್ಕೆ ಡ್ಯುಯಲ್ ಅಥವಾ 2×64 ಬಿಟ್ ಎಂದೂ ಡಿಡಿಆರ್5ಕ್ಕೆ 4×32 ಬಿಟ್ ಎಂದೂ ಬರಬೇಕು.

ಲ್ಯಾಪ್‌ಟಾಪಿಗೆ ರ‍್ಯಾಮ್ ಸೇರಿಸುವವರೂ ಇದೇ ಟಾಸ್ಕ್ ಮ್ಯಾನೇಜರಿನಲ್ಲಿ ಫಾರ್ಮ್ ಫ್ಯಾಕ್ಟರ್ ಸಾಲು ಓದಿ. ರೋ ಆಫ್ ಚಿಪ್ಸ್ ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ ಎಂದರ್ಥ, ಹೊಸದನ್ನು ಹಾಕಲು ಖಾಲಿ ಸ್ಲಾಟ್ ಬೇರೆ ಇದೆಯೇ ಎಂದು ಮಾಡೆಲ್ಲಿನ ಸರ್ವೀಸ್ ಮ್ಯಾನುಯಲ್ ನೋಡದೆ ಕೊಳ್ಳಬೇಡಿ. ಲ್ಯಾಪ್‌ಟಾಪ್ ಸ್ಟಿಕ್ಕಿಗೆ ಡಿಡಿಆರ್3ರಲ್ಲಿ 204 ಪಿನ್, ಡಿಡಿಆರ್4ರಲ್ಲಿ 260, ಡಿಡಿಆರ್5ರಲ್ಲಿ 262. 4ನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪುಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು, 1.5 ವೋಲ್ಟಿನ ಹಳೆಯ ಡಿಡಿಆರ್3 ಕೂತರೂ ಓಡುವುದಿಲ್ಲ.

ವಾಪಸಾತಿಯ ಗಡುವು ಮುಗಿಯುವ ಮುಂಚೆ ಒಂದು ರಾತ್ರಿ ಮೆಮ್‌ಟೆಸ್ಟ್86 ಎಂಬ, ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಓಡಿಸಿ. ಪೆನ್‌ಡ್ರೈವ್‌ನಿಂದ ಶುರುವಾಗುತ್ತದೆ, ನಾಲ್ಕು ಸುತ್ತು ಮುಗಿಯಲಿ. ಒಂದೇ ಒಂದು ತಪ್ಪು ತೋರಿಸಿದರೂ ಸರಿ ಇಲ್ಲ ಎಂದೇ ಲೆಕ್ಕ. ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ತಪ್ಪು ಬಂದರೆ ಸ್ಟಿಕ್ಕುಗಳನ್ನು ಒಂದೊಂದಾಗಿ ಹಾಕಿ ಕೆಟ್ಟದ್ದು ಯಾವುದೆಂದು ಕಂಡುಕೊಂಡು ಬದಲಿ ಕೇಳಿ, ಕಿಟ್ ಆದರೆ ಎರಡನ್ನೂ ಕೊಟ್ಟು ಎರಡನ್ನೂ ಪಡೆಯಿರಿ. ಎಕ್ಸ್‌ಎಂಪಿ ಇದ್ದಾಗ ಮಾತ್ರ ತಪ್ಪು ಬಂದರೆ ಬೋರ್ಡಿನ ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೂ ಬಂದರೆ ವೇಗವನ್ನು ಒಂದು ಮೆಟ್ಟಿಲು ಇಳಿಸಿ, 3600 ಇದ್ದದ್ದನ್ನು 3466ಕ್ಕೋ 3200ಕ್ಕೋ ತನ್ನಿ. ಬಿಲ್ಲಿನಲ್ಲಿ ಪಾರ್ಟ್ ನಂಬರೂ ಪ್ರತಿ ಸ್ಟಿಕ್ಕಿನ ಸೀರಿಯಲ್ ನಂಬರೂ ಬರೆಸಿಕೊಂಡಿದ್ದರೆ ವಾರಂಟಿ ಕೇಳುವಾಗ ಮಾತು ಬೆಳೆಯುವುದಿಲ್ಲ.